ಹಳೇ ಗಿರಾಕಿಗಳಿಗೆ ಎಎಂಸಿ (ವರ್ಷದ ಸರ್ವಿಸ್ ಕರಾರು) ರೇಟ್ ಏರಿಸೋದು ಹೇಗೆ? 2021ರ ರೇಟಲ್ಲೇ ನಿಂತಿದೆ

ಕತ್ರಿಗುಪ್ಪೆ ವಾಟರ್:
ವಾಟರ್ ಪ್ಯೂರಿಫೈಯರ್ ಸರ್ವಿಸ್ ಕೆಲಸ. ಏರಿಯಾ ಬನಶಂಕರಿ, ಕತ್ರಿಗುಪ್ಪೆ, ಉತ್ತರಹಳ್ಳಿ, ಜೊತೆಗೆ ಕನಕಪುರ ರೋಡ್ ಕಡೆಯ ಅಪಾರ್ಟ್‌ಮೆಂಟ್‌ಗಳು. ಪಾರ್ಟ್ಸ್ ಸೇರಿಸಿ ಎಎಂಸಿ ಇರೋ ಮನೆಗಳು 160. ಎಲ್ಲರಿಗೂ ಒಂದೇ ರೇಟು, ವರ್ಷಕ್ಕೆ ₹2,800. 2021ರಲ್ಲಿ ಇಟ್ಟಿದ್ದು, ಇನ್ನೂ ಅದೇ ನಡೀತಿದೆ. ಹೊಸಬರಿಗೆ ₹3,500 ಹೇಳ್ತಿದೀವಿ, ಹಳಬರ ರೇಟು ಮುಟ್ಟಿಲ್ಲ. ಮೆಂಬ್ರೇನ್ (ನೀರಿನ ಉಪ್ಪು ತಡೆಯೋ ಪೊರೆ), ಅಡಾಪ್ಟರ್, ಪೆಟ್ರೋಲು, ಹುಡುಗನ ಸಂಬಳ ಎಲ್ಲಾ ಏರಿದೆ. ಈಗ ಏರಿಸಲೇಬೇಕು. ಎಷ್ಟು ಏರಿಸೋದು, ಎಲ್ಲರಿಗೂ ಒಟ್ಟಿಗೇ ಏರಿಸೋದಾ, ಹೇಗೆ ಹೇಳೋದು, ಎಷ್ಟು ಮನೆ ಕೈ ಬಿಟ್ಟರೆ ತಡ್ಕೋಬಹುದು? ಸರ್ವಿಸ್ ಲೈನ್‌ನಲ್ಲಿ ಇರೋರು ದಯವಿಟ್ಟು ಹೇಳಿ.

ವಿಜಯನಗರ ಇನ್ವರ್ಟರ್:
10% ಏರ್ಸಿ ಸಾರ್. ಅಷ್ಟಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ.

ಲೆಕ್ಕದ ಪುಸ್ತಕ:
10%, 15% ಅಂತ ಅಂದಾಜಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ. ಮೊದಲು ಒಂದು ವಿಸಿಟ್‌ಗೆ ಎಷ್ಟು ಬೀಳುತ್ತೆ, ಒಂದು ಮನೆಗೆ ವರ್ಷಕ್ಕೆ ಎಷ್ಟು ಪಾರ್ಟ್ಸ್ ಹೋಗುತ್ತೆ ಅನ್ನೋದು ಬೇಕು. 160 ಮನೆಯಲ್ಲಿ ಕಾವೇರಿ ನೀರು ಎಷ್ಟು, ಬೋರ್ ಮತ್ತೆ ಟ್ಯಾಂಕರ್ ಎಷ್ಟು? ಹುಡುಗ ತಿಂಗಳಿಗೆ ಎಷ್ಟು ವಿಸಿಟ್ ಮಾಡ್ತಾನೆ? ಪಾರ್ಟ್ಸ್ ಯಾವ ರೇಟಿಗೆ ಕೊಳ್ತೀರ? ಇಷ್ಟು ಹಾಕಿ, ಆಮೇಲೆ ಮಾತಾಡೋಣ.

ಕತ್ರಿಗುಪ್ಪೆ ವಾಟರ್:
ಕಾವೇರಿ 110 ಮನೆ, ಬೋರ್/ಟ್ಯಾಂಕರ್ 50. ಹುಡುಗನಿಗೆ ಎಲ್ಲಾ ಸೇರಿ ತಿಂಗಳಿಗೆ ₹24,000, ಟ್ರಾಫಿಕ್‌ನಲ್ಲಿ 110 ವಿಸಿಟ್ ಆಗುತ್ತೆ. ಪೆಟ್ರೋಲು, ಬೈಕ್ ಸವಕಳಿ ಸೇರಿ ವಿಸಿಟ್‌ಗೆ ₹30. ಫೋನು, ಪುಸ್ತಕ, ರಸೀದಿ ಅಂತ ಸುಮಾರು ₹22.

ಕಾವೇರಿ ಮನೆಗೆ ವರ್ಷಕ್ಕೆ 3 ಸರ್ವಿಸ್, ರಿಪೇರಿ ಕಾಲ್ ಸರಾಸರಿ ಒಂದೂವರೆ. ಸ್ಪನ್ ಕ್ಯಾಂಡಲ್ ಅಂದ್ರೆ ಕೊಳೆ ಹಿಡಿಯೋ ಮೊದಲ ಫಿಲ್ಟರ್ ಮೂರು (ಒಂದಕ್ಕೆ ₹60), ಸೆಡಿಮೆಂಟ್ ಕಾರ್ಬನ್ ಸೆಟ್ ಒಂದು (₹350), ಮೆಂಬ್ರೇನ್ ₹1,200, ಎರಡು ವರ್ಷಕ್ಕೊಂದು. ಪಂಪ್, ಅಡಾಪ್ಟರ್, ಸೊಲೆನಾಯ್ಡ್ ವಾಲ್ವ್‌ಗೆ ಅಂತ ಮನೆಗೆ ₹300 ಹಿಡೀಬಹುದು. ಬೋರ್ ಮನೆಗೆ 6 ವಿಸಿಟ್, ಕ್ಯಾಂಡಲ್ ಆರು, ಸೆಟ್ ಎರಡು, ಮೆಂಬ್ರೇನ್ ಪ್ರತಿ ವರ್ಷ.

ಲೆಕ್ಕದ ಪುಸ್ತಕ:
ಸರಿ, ನೋಡಿ.

24,000ನ 110ರಿಂದ ಭಾಗಿಸಿದ್ರೆ ₹218. ಪೆಟ್ರೋಲ್ 30, ಫೋನ್ 22. ಒಂದು ವಿಸಿಟ್‌ಗೆ ₹270.

ಕಾವೇರಿ ಮನೆ: ನಾಲ್ಕೂವರೆ ವಿಸಿಟ್, ₹1,215. ಪಾರ್ಟ್ಸ್ 180 + 350 + 600 + 300 = ₹1,430. ಒಟ್ಟು ₹2,645. ನಿಮ್ಮ ₹2,800ರಲ್ಲಿ ₹155 ಉಳೀತು.

ಬೋರ್ ಮನೆ: 6 ವಿಸಿಟ್, ₹1,620. ಪಾರ್ಟ್ಸ್ 360 + 700 + 1,200 + 300 = ₹2,560. ಒಟ್ಟು ₹4,180. ಇಲ್ಲಿ ಮನೆಗೆ ₹1,380 ಕೈಯಿಂದ ಹೋಗ್ತಿದೆ.

110 ಮನೆಯಿಂದ ಬಂದ ₹17,050ನ 50 ಮನೆ ತಿಂದು, ಮೇಲೆ ಇನ್ನೂ ₹51,950 ನಷ್ಟ. ಅಂಗಡಿ ಬಾಡಿಗೆ, ನಿಮ್ಮ ದುಡಿಮೆ ಇದರಲ್ಲಿ ಸೇರೇ ಇಲ್ಲ. ಹೊಸ ಮಷಿನ್ ಮಾರಾಟದ ದುಡ್ಡಿಂದ ಎಎಂಸಿ ನಡೀತಾ ಇದೆ ಅಂತ ಅರ್ಥ. ಎಲ್ಲರಿಗೂ 10% ಏರಿಸಿದ್ರೆ ₹44,800 ಬರುತ್ತೆ, ಆಗಲೂ ನಷ್ಟವೇ. ಅದೂ ಅಲ್ಲದೆ ಯಾರು ಖರ್ಚು ತರ್ತಿಲ್ವೋ ಅವರ ಮೇಲೆ ಹಾಕಿದ ಹಾಗೆ.

ಸ್ಪ್ಯಾನರ್ 17:
ಇದೇ ಪಾಯಿಂಟು. ಎಲ್ಲರಿಗೂ ಒಂದೇ ರೇಟು ಅನ್ನೋದೇ ತಪ್ಪು. ನೀರು ನೋಡಿ ರೇಟ್ ಹಾಕ್ಬೇಕು. ಬೋರ್ ನೀರಿನ ಗಡಸುತನ ಮೆಂಬ್ರೇನ್ ಮೇಲೆ ಸುಣ್ಣದ ಪದರ ಕಟ್ಟುತ್ತೆ, ಫ್ಲೋ ರಿಸ್ಟ್ರಿಕ್ಟರ್ ಕಟ್ಟಿಕೊಳ್ಳುತ್ತೆ, ಪಂಪ್ ಮೇಲೆ ಒತ್ತಡ ಬಿದ್ದು ಅದೂ ಬೇಗ ಹೋಗುತ್ತೆ. ಕಾವೇರಿ ಮನೆಯಲ್ಲಿ ಇದ್ಯಾವುದೂ ಈ ಮಟ್ಟಕ್ಕೆ ಆಗಲ್ಲ. ಎಎಂಸಿ ಕಾರ್ಡಲ್ಲಿ ಪ್ರತಿ ವಿಸಿಟ್‌ಗೆ ಒಳಗೆ ಬರೋ ನೀರಿನ ಟಿಡಿಎಸ್ (ನೀರಲ್ಲಿ ಕರಗಿರೋ ಉಪ್ಪಿನ ಅಳತೆ), ಹೊರಗೆ ಬರೋದರ ಟಿಡಿಎಸ್ ಎರಡೂ ಬರೆಸಿ. ಒಳಗೆ 900, ಹೊರಗೆ 90 ಅಂದ್ರೆ ಮೆಂಬ್ರೇನ್ 90% ತಡೀತಿದೆ. ಈ ತಡೆಯೋದು 80%ಕ್ಕಿಂತ ಕೆಳಗೆ ಬಂತು ಅಂದ್ರೆ ಬದಲಾಯಿಸೋ ಸಮಯ. ಈ ನಂಬರ್ ಗಿರಾಕಿ ಕಣ್ಣಿಗೆ ಬಿದ್ದಿದ್ರೆ ರೇಟ್ ಮಾತು ಅರ್ಧ ಮುಗೀತು.

ಒಂದು ವಿಷಯ: ಟಿಡಿಎಸ್ ಕಂಟ್ರೋಲರ್ ಇರೋ ಮಷಿನ್‌ನಲ್ಲಿ ನಲ್ಲಿ ನೀರು ಅಳೆದ್ರೆ ಲೆಕ್ಕ ತಪ್ಪುತ್ತೆ, ಅದರಲ್ಲಿ ಹಸಿ ನೀರು ಸ್ವಲ್ಪ ಬೆರೆತಿರುತ್ತೆ. ಮೆಂಬ್ರೇನ್ ಹೌಸಿಂಗ್‌ನಿಂದ ಬರೋ ಪೈಪ್ ಬಿಚ್ಚಿ ಅಲ್ಲೇ ಅಳೀಬೇಕು.

ಲೆಕ್ಕದ ಪುಸ್ತಕ:
ಹೌದು. ನನ್ನ ಸಲಹೆ: ಕಾವೇರಿಗೆ ₹3,200, ಬೋರ್‌ಗೆ ₹4,800. ಯಾರೂ ಬಿಡದಿದ್ರೆ ₹5,92,000 ಬರುತ್ತೆ, ಖರ್ಚು ₹4,99,950. ಬೋರ್ ಮನೆ ಹತ್ತು ಬಿಟ್ಟು ಹೋದ್ರೂ ₹48,000 ಆದಾಯ ಕಮ್ಮಿ, ₹41,800 ಖರ್ಚು ಕಮ್ಮಿ. ವ್ಯತ್ಯಾಸ ₹6,200 ಅಷ್ಟೇ.

ಬಿಲ್ ಬುಕ್:
ತಪ್ಪು ಲೆಕ್ಕ ಸ್ವಾಮಿ. ಹತ್ತು ಮನೆ ಬಿಟ್ಟ ತಕ್ಷಣ ಹುಡುಗನ ಸಂಬಳ ಕಮ್ಮಿ ಆಗುತ್ತಾ? ₹24,000 ಕೊಡ್ಲೇಬೇಕು. ವಿಸಿಟ್‌ಗೆ ₹270ರಲ್ಲಿ ನಿಜವಾಗಿ ಉಳಿಯೋದು ಪೆಟ್ರೋಲಿನ ₹30 ಮಾತ್ರ. ಹಾಗಾಗಿ ಹತ್ತು ಬೋರ್ ಮನೆ ಹೋದ್ರೆ ಉಳಿಯೋದು ಪಾರ್ಟ್ಸ್ ₹25,600, ಪೆಟ್ರೋಲ್ ₹1,800, ಒಟ್ಟು ₹27,400. ನಿವ್ವಳ ನಷ್ಟ ₹20,600. ನೀವು ಹೇಳಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ. ಎಷ್ಟು ಜನ ಬಿಟ್ರೆ ತಡ್ಕೋಬಹುದು ಅಂತ ಕೇಳಿದಾಗ ಸಂಬಳ, ಬಾಡಿಗೆ ಇವನ್ನೆಲ್ಲ ಪಕ್ಕಕ್ಕಿಟ್ಟು ಲೆಕ್ಕ ಹಾಕ್ಬೇಕು.

ಲೆಕ್ಕದ ಪುಸ್ತಕ:
ಒಪ್ಪಿದೆ, ಸಂಬಳದ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಹಾಗಾದ್ರೆ ಅದೇ ರೀತಿ ಪೂರ್ತಿ ಹಾಕೋಣ, ಇನ್ನೂ ಸ್ಪಷ್ಟ ಆಗುತ್ತೆ.

ಬೋರ್ ಮನೆಗೆ ಕೈಯಿಂದ ಹೋಗೋ ದುಡ್ಡು 2,560 + 180 = ₹2,740. ₹2,800ಕ್ಕೆ ಎಎಂಸಿ ಕೊಟ್ರೆ ಮನೆಗೆ ಉಳಿಯೋದು ₹60. 50 ಮನೆಗೆ ₹3,000. ವರ್ಷಪೂರ್ತಿ 300 ವಿಸಿಟ್ ಮಾಡಿ ಮೂರು ಸಾವಿರ! ₹4,800 ಆದ್ರೆ ಮನೆಗೆ ₹2,060. ಅಂದ್ರೆ 50ರಲ್ಲಿ ಇಬ್ಬರು ಉಳಿದ್ರೂ ಈಗಿನದಕ್ಕಿಂತ ಜಾಸ್ತಿ ಕೈಗೆ ಬರುತ್ತೆ.

ಕಾವೇರಿ ಮನೆಗೆ ಕೈಯಿಂದ ಹೋಗೋದು 1,430 + 135 = ₹1,565. ₹2,800ರಲ್ಲಿ ಉಳಿಯೋದು ₹1,235, ₹3,200ರಲ್ಲಿ ₹1,635. ಈಗಿನಷ್ಟೇ ಉಳೀಬೇಕು ಅಂದ್ರೆ 110ರಲ್ಲಿ 84 ಮನೆ ಇರ್ಬೇಕು. 26 ಮನೆ ಹೋದ್ರೂ ಸರಿಸಮ, 27ನೇದು ಹೋದ್ರೆ ನಷ್ಟ ಶುರು.

ಹಾಗಾಗಿ ಹುಷಾರಾಗಿ ನಡೀಬೇಕಾಗಿರೋದು ಕಾವೇರಿ ಮನೆಗಳ ಹತ್ರ. ಬೋರ್ ಮನೆಗಳ ಹತ್ರ ಹೆದರಿಕೆ ಬೇಡ.

ವಿಜಯನಗರ ಇನ್ವರ್ಟರ್:
10% ಅಂದಿದ್ದು ವಾಪಸ್ ತಗೊಂಡೆ. ನನ್ನ ಬ್ಯಾಟರಿ ಲೈನ್‌ನಲ್ಲೂ ಡಿಸ್ಟಿಲ್ಡ್ ವಾಟರ್ ವಿಸಿಟ್‌ಗೆ ಈ ಥರ ಲೆಕ್ಕ ಹಾಕ್ಬೇಕು.

ಜಯನಗರ ಗ್ರಾಹಕಿ:
ಗಿರಾಕಿ ಕಡೆಯಿಂದ ಒಂದು ಮಾತು. 2,800ರಿಂದ 4,800 ಅಂದ್ರೆ 71% ಜಾಸ್ತಿ. ಲೆಕ್ಕ ಎಷ್ಟೇ ಸರಿ ಇದ್ರೂ ಒಂದೇ ಸಲಕ್ಕೆ ಇಷ್ಟು ಏರಿಸೋದು ನ್ಯಾಯ ಅಲ್ಲ. ಮೆಟ್ರೋದವರು 2017ರ ಜೂನ್ ಆದ್ಮೇಲೆ ಏಳು ವರ್ಷದ ಮೇಲೆ ಸುಮ್ಮನಿದ್ದು, 2025ರ ಫೆಬ್ರವರಿ 9ಕ್ಕೆ ಏರಿಸಿದಾಗ ಏನಾಯ್ತು? ಕೆಲವು ಕಡೆ ದುಪ್ಪಟ್ಟು ಹತ್ರ ಹೋಯ್ತು, ಜನ ರೊಚ್ಚಿಗೆದ್ರು, ಐದೇ ದಿನಕ್ಕೆ 71% ಮೀರಬಾರದು ಅಂತ ಇಳಿಸಿದ್ರು. ಇಷ್ಟು ವರ್ಷ ಏರಿಸದೆ ಇದ್ದದ್ದು ನಿಮ್ಮ ನಿರ್ಧಾರ. ಆ ಹೊರೆ ಪೂರ್ತಿ ಒಂದೇ ವರ್ಷ ನಮ್ಮ ಮೇಲೆ ಯಾಕೆ?

ಹುಬ್ಬಳ್ಳಿ ಮಂದಿ:
ಅಕ್ಕಾರ ಹೇಳಿದ್ದು ಬರೋಬ್ಬರಿ ಐತ್ರಿ. ಎರಡು ಮೆಟ್ಟಲದಾಗ ಏರಸ್ರಿ. ಈ ವರ್ಷ 3,800, ಮುಂದಿನ ವರ್ಷ 4,800. ಎರಡೂ ರೇಟು ಈಗಲೇ ಬರದು ಕೊಟ್ಟಬಿಡ್ರಿ, ಮುಂದಿನ ವರ್ಷ ಮತ್ತ ಜಗಳ ಬ್ಯಾಡ. 3,800ಕ್ಕ ಕೊಟ್ಟರೂ ಮನಿಗೆ ₹1,060 ಕೈಯಾಗ ಉಳಿತೈತಿ. ಅರವತ್ತು ರೂಪಾಯಿ ಎಲ್ಲಿ, ಸಾವಿರ ಎಲ್ಲಿ.

ಬಿಲ್ ಬುಕ್:
₹3,800 ಆದ್ರೆ ಪೂರ್ತಿ ಖರ್ಚು ₹4,180ಕ್ಕಿಂತ ಕಮ್ಮಿ. ಇನ್ನೊಂದು ವರ್ಷ ನಷ್ಟದಲ್ಲೇ ಕೊಟ್ಟ ಹಾಗೆ.

ಹುಬ್ಬಳ್ಳಿ ಮಂದಿ:
ಸಂಬಳ ಪಕ್ಕಕ್ಕಿಡ್ರಿ ಅಂತ ನೀವ ಹೇಳಿದ್ರೆಲ್ಲ ಈಗ!

ಬಿಲ್ ಬುಕ್:
ಅದು ಎಷ್ಟು ಜನ ಬಿಟ್ರೆ ತಡ್ಕೋಬಹುದು ಅನ್ನೋ ಪ್ರಶ್ನೆಗೆ. ರೇಟ್ ಎಷ್ಟಿರ್ಬೇಕು ಅನ್ನೋದಕ್ಕೆ ಸಂಬಳ ಸೇರಲೇಬೇಕು. ಎರಡೂ ಬೇರೆ ಬೇರೆ ಪ್ರಶ್ನೆ, ಇದನ್ನ ಬೆರೆಸಿದ್ರೆ ಬಹಳ ಜನ ಎಡವುತ್ತಾರೆ. ಆದ್ರೂ ಮೇಡಂ ಹೇಳಿದ 71% ಮಾತು ನಿಜ. ಮೆಟ್ಟಿಲು ಬೇಕು.

ಸ್ಪ್ಯಾನರ್ 17:
ರೇಟ್ ಒಂದನ್ನೇ ಯಾಕೆ ನೋಡ್ತೀರ, ಖರ್ಚು ಇಳಿಸೋಕೂ ದಾರಿ ಇದೆ. ಬೋರ್ ಮನೆಗಳಿಗೆ ಮೆಂಬ್ರೇನ್‌ಗೆ ಮುಂಚೆ ಆ್ಯಂಟಿಸ್ಕೇಲಂಟ್ ಕಾರ್ಟ್ರಿಡ್ಜ್ ಹಾಕಿ, ಸುಣ್ಣ ಕಟ್ಟೋದು ನಿಧಾನ ಆಗುತ್ತೆ. ಕ್ಯಾಂಡಲ್ ಹೊರಗಡೆ ಹೌಸಿಂಗ್‌ನಲ್ಲಿದ್ರೆ ಮನೆಯವರೇ ಬದಲಾಯಿಸಬಹುದು: ವಾಲ್ವ್ ಮುಚ್ಚಿ, ಸ್ಪ್ಯಾನರ್‌ನಲ್ಲಿ ಬಟ್ಟಲು ತಿರುಗಿಸಿ, ಹಳೇದು ತೆಗೆದು ಹೊಸದು ಇಟ್ಟು, ಓ-ರಿಂಗ್ ಸರಿಯಾಗಿ ಕೂತಿದೆಯಾ ನೋಡಿ ಬಿಗಿ ಮಾಡೋದು. ವಾಲ್ವ್ ತೆರೆದ್ಮೇಲೆ ಒಂದೆರಡು ನಿಮಿಷ ಹನಿ ಸೋರುತ್ತಾ ನೋಡ್ಬೇಕು, ಓ-ರಿಂಗ್ ಮಡಚಿ ಕೂತಿದ್ರೆ ರಾತ್ರಿಯೆಲ್ಲಾ ಸೋರಿ ಅಡುಗೆಮನೆ ಕೆರೆಯಾಗುತ್ತೆ. ವರ್ಷಕ್ಕೆ ಬೇಕಾದ ಕ್ಯಾಂಡಲ್ ಮನೆಯಲ್ಲೇ ಕೊಟ್ಟುಬಿಟ್ರೆ 6 ವಿಸಿಟ್ 4ಕ್ಕೆ ಇಳಿಯುತ್ತೆ. ವಯಸ್ಸಾದವರ ಮನೆಗೆ ಮಾತ್ರ ಇದು ಬೇಡ, ಹುಡುಗನೇ ಹೋಗ್ಲಿ.

ಮತ್ತೆ ಎಎಂಸಿ ಪತ್ರದಲ್ಲಿ "ವರ್ಷಕ್ಕೆ ಒಂದು ಮೆಂಬ್ರೇನ್" ಅಂತ ಬರೀರಿ. ಟ್ಯಾಂಕರ್ ನೀರಿನ ಮನೆಯಲ್ಲಿ ಬೇಸಿಗೆ ಬಂದ್ರೆ ಎರಡನೇದು ಬೇಕಾಗಬಹುದು, ಅದಕ್ಕೆ ಮಿತಿ ಇಲ್ಲದಿದ್ರೆ ಯಾವ ರೇಟೂ ಸಾಲಲ್ಲ.

ಇಸ್ತ್ರಿ ಪೆಟ್ಟಿಗೆ:
ಸ್ವಲ್ಪ ಆಚೆ ವಿಷಯ, ಕ್ಷಮಿಸಿ. ಇಸ್ತ್ರಿ ಅಂಗಡಿಗೆ ಹೇಗೆ ಏರಿಸೋದು? ಒಂದು ಬಟ್ಟೆಗೆ ₹8 ಇದೆ. ಹತ್ತು ಮಾಡಿದ್ರೆ ಬೀದಿಯಲ್ಲೆಲ್ಲಾ ಮಾತಾಗುತ್ತೆ.

ಲೆಕ್ಕದ ಪುಸ್ತಕ:
ಎರಡು ರೂಪಾಯಿ ಅಂದ್ರೂ ಅದು 25%. ಹಿಂದೆ ಚಿಲ್ಲರೆಗೋಸ್ಕರ ದುಂಡು ಮೊತ್ತ ಮಾಡ್ತಿದ್ರು. ಈಗ ಜನ ಫೋನಲ್ಲೇ ಕೊಡೋದು, ತಿಂಗಳ ಲೆಕ್ಕ ಬೇರೆ, ₹9 ಇಟ್ರೆ ಏನೂ ತೊಂದರೆ ಇಲ್ಲ. ಆದ್ರೆ ಎಲ್ಲಾ ಬಟ್ಟೆಗೂ ಒಂದೇ ರೇಟ್ ಇದ್ರೆ ಅದನ್ನ ಮೊದಲು ಒಡೀರಿ. ಶರ್ಟು, ಪ್ಯಾಂಟಿಗೆ ಒಂದು ರೇಟು, ಕಾಟನ್ ಸೀರೆ, ಗಂಜಿ ಹಾಕಿದ್ದು, ಬೆಡ್‌ಶೀಟಿಗೆ ಬೇರೆ ರೇಟು. ಟೈಮ್ ತಿನ್ನೋದು ಸೀರೆ, ಶರ್ಟಲ್ಲ. ಇಲ್ಲಿ ಬೋರ್ ಮನೆ, ಕಾವೇರಿ ಮನೆ ಕಥೆನೂ ಅದೇ ತಾನೆ.

ಇಸ್ತ್ರಿ ಪೆಟ್ಟಿಗೆ:
ಶರ್ಟು ₹9, ಕಾಟನ್ ಸೀರೆ ಬೇರೆ. ಬೋರ್ಡ್ ಬರೆಸ್ತೀನಿ. ಥ್ಯಾಂಕ್ಸ್ ಸಾರ್.

ಅಪಾರ್ಟ್‌ಮೆಂಟ್ ಖಜಾಂಚಿ:
ಕನಕಪುರ ರೋಡ್ ಅಪಾರ್ಟ್‌ಮೆಂಟ್ ಅಂದಿದ್ರಿ. ಬಿಡಿ ಮನೆಗಳ ಎಎಂಸಿ ಅಲ್ಲದೆ ಕ್ಲಬ್‌ಹೌಸ್, ಸೆಕ್ಯೂರಿಟಿ ರೂಮಿನ ಮಷಿನ್‌ಗಳು ಅಸೋಸಿಯೇಷನ್ ಹೆಸರಲ್ಲಿದ್ರೆ ಅದಕ್ಕೆ ಬೇರೆ ಕ್ರಮ. ಅಸೋಸಿಯೇಷನ್ ಬಜೆಟ್ ಏಪ್ರಿಲ್‌ನಿಂದ ಮಾರ್ಚ್. ಕಮಿಟಿ ಜನವರಿ, ಫೆಬ್ರವರಿಯಲ್ಲಿ ಖರ್ಚಿನ ಪಟ್ಟಿ ಮಾಡುತ್ತೆ. ಹೊಸ ರೇಟಿನ ಪತ್ರ ಆಗ ಕೈಗೆ ಸಿಗಬೇಕು. ಮೇ ತಿಂಗಳಲ್ಲಿ ಬಂದು ರೇಟ್ ಏರಿದೆ ಅಂದ್ರೆ, ಕೊಡೋ ಮನಸ್ಸಿದ್ರೂ ಬಜೆಟ್‌ನಲ್ಲಿ ದುಡ್ಡಿರಲ್ಲ, ಮತ್ತೆ ಮೀಟಿಂಗ್‌ಗೆ ಇಡ್ಬೇಕು. ಅಲ್ಲಿ ಯಾರೋ ಒಬ್ಬರು ಮೂರು ಕೊಟೇಶನ್ ತರಿಸಿ ಅಂತಾರೆ, ಕೆಲಸ ಕೈ ತಪ್ಪುತ್ತೆ.

ಪತ್ರದಲ್ಲಿ ಹಳೇ ರೇಟು, ಹೊಸ ರೇಟು, ಯಾವ ದಿನದಿಂದ, ಏನೇನು ಸೇರಿದೆ, ಏನು ಸೇರಿಲ್ಲ, ಇಷ್ಟಿರ್ಲಿ. ಕಳೆದ ವರ್ಷ ಮಾಡಿದ ವಿಸಿಟ್‌ಗಳ ದಿನಾಂಕ, ಬದಲಿಸಿದ ಪಾರ್ಟ್ಸ್ ಒಂದು ಹಾಳೆಯಲ್ಲಿ ಲಗತ್ತಿಸಿ. ಮೀಟಿಂಗ್‌ನಲ್ಲಿ ನಿಮ್ಮ ಪರವಾಗಿ ಮಾತಾಡೋನ ಕೈಗೆ ಅದೇ ಆಧಾರ.

ಹೌಸ್‌ಕೀಪಿಂಗ್, ಸೆಕ್ಯೂರಿಟಿ ಏಜೆನ್ಸಿಗಳು ಇದನ್ನ ಸರಿಯಾಗಿ ಮಾಡ್ತವೆ. ಪ್ರತಿ ಏಪ್ರಿಲ್ 1ಕ್ಕೆ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತೆ. ವೇತನ ಏರಿದಷ್ಟು, ಅದರ ಮೇಲಿನ ಪಿಎಫ್ ಮತ್ತೆ ಇಎಸ್‌ಐ 3.25% ಸಹಿತ ಬಿಲ್ ತಾನಾಗೇ ಏರುತ್ತೆ ಅಂತ ಕರಾರಿನಲ್ಲೇ ಬರೆದಿರುತ್ತೆ. ಯಾರೂ ಚೌಕಾಸಿ ಮಾಡಲ್ಲ, ಯಾಕಂದ್ರೆ ಸಹಿ ಹಾಕುವಾಗಲೇ ಗೊತ್ತಿತ್ತು. ನಿಮ್ಮ ಎಎಂಸಿಯಲ್ಲೂ "ಪ್ರತಿ ರಿನ್ಯೂವಲ್‌ಗೆ ದರ ಪರಿಷ್ಕರಣೆ" ಅನ್ನೋ ಸಾಲು ಈಗಿನಿಂದ ಸೇರಿಸಿ.

ಕಾವೇರಿ ನೀರು:
ಮೂಲ ಪ್ರಶ್ನೆ ಬಿಟ್ಟು ಕೇಳ್ತೀನಿ. ಕಾವೇರಿ ಮನೆಗೆ ಆರ್‌ಓ (ಮೆಂಬ್ರೇನ್‌ನಲ್ಲಿ ಸೋಸೋ ಮಷಿನ್) ಯಾಕೆ ಬೇಕು? ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳೋ ಟಿಡಿಎಸ್ ಮಿತಿ 500, ಕಾವೇರಿ ನೀರು ಅದಕ್ಕಿಂತ ಎಷ್ಟೋ ಕೆಳಗೆ. 500ಕ್ಕಿಂತ ಕಮ್ಮಿ ಇರೋ ಕಡೆ ಆರ್‌ಓ ಬೇಡ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಯುವಿ (ಬೆಳಕಿನಿಂದ ಕ್ರಿಮಿ ಕೊಲ್ಲೋದು), ಯುಎಫ್ (ಸಣ್ಣ ರಂಧ್ರದ ಫಿಲ್ಟರ್) ಸಾಕು. ನೀರೂ ಚರಂಡಿಗೆ ಹೋಗಲ್ಲ.

ಸ್ಪ್ಯಾನರ್ 17:
ಸರಿಯಾದ ಮಾತು. ಆದ್ರೆ ಬೆಂಗಳೂರಲ್ಲಿ ಕಾವೇರಿ ಮನೆ ಅಂದ್ರೂ ಸಂಪಿನಲ್ಲಿ ಬೋರ್ ನೀರು ಬೆರೆಸಿರ್ತಾರೆ. ಕಾವೇರಿ ನೀರಿನ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾದ್ಮೇಲೆ ಹೊರವಲಯದ ಎಷ್ಟೋ ಕಡೆ ಪೈಪ್ ಬಂದಿದೆ, ಹಾಗಾಗಿ ಮನೆಯ ನೀರೇ ಬದಲಾಗಿರಬಹುದು. ಅದಕ್ಕೇ ಹಳೇ ಪಟ್ಟಿ ನಂಬಬೇಡಿ, ಈಗ ಮತ್ತೆ ಅಳೆದು ವಿಂಗಡಿಸಿ. ನಿಜಕ್ಕೂ 200ರ ಒಳಗಿರೋ ಮನೆಗೆ ಯುವಿ ಹಾಕಿ, ಮೆಂಬ್ರೇನ್ ಖರ್ಚೇ ಇಲ್ಲದ ಕಮ್ಮಿ ರೇಟಿನ ಎಎಂಸಿ ಕೊಡಬಹುದು. ಅಂಥ ಗಿರಾಕಿ ಮುಂದೆ ಎಲ್ಲೂ ಹೋಗಲ್ಲ.

ಜಯನಗರ ಗ್ರಾಹಕಿ:
ಆರ್‌ಓ ಹೊರಹಾಕೋ ವೇಸ್ಟ್ ನೀರನ್ನ ಬಕೆಟ್‌ನಲ್ಲಿ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್‌ಗೆ ಬಳಸಬಹುದು. ಗಿಡಕ್ಕೆ ಮಾತ್ರ ಬೇಡ, ಉಪ್ಪು ಕೂತ್ಕೊಳ್ಳುತ್ತೆ.

ಬಿಲ್ ಬುಕ್:
ವಿಷಯಕ್ಕೆ ಬರೋಣ. ಕತ್ರಿಗುಪ್ಪೆಯವರೇ, ಮಷಿನ್ ಮಾರಾಟ, ಬಿಡಿ ಕಾಲ್ ಎಲ್ಲಾ ಸೇರಿ ವರ್ಷದ ವಹಿವಾಟು ಎಷ್ಟು? ಜಿಎಸ್‌ಟಿ ಇದೆಯಾ?

ಕತ್ರಿಗುಪ್ಪೆ ವಾಟರ್:
ಸುಮಾರು ₹17 ಲಕ್ಷ. ಜಿಎಸ್‌ಟಿ ಮಾಡಿಸಿಲ್ಲ.

ಬಿಲ್ ಬುಕ್:
ಹಾಗಾದ್ರೆ ಇದನ್ನ ಗಮನ ಇಟ್ಟು ಓದಿ. ಸೇವೆ ಕೊಡೋರಿಗೆ ನೋಂದಣಿ ಮಿತಿ ₹20 ಲಕ್ಷ. ₹40 ಲಕ್ಷ ಅನ್ನೋದು ಬರೀ ಸರಕು ಮಾರೋರಿಗೆ. ಒಂದೇ ಪ್ಯಾನ್ ಮೇಲಿನ ಎಲ್ಲಾ ವಹಿವಾಟು ಒಟ್ಟು ಸೇರುತ್ತೆ. ರೇಟ್ ಏರಿಸಿ ಒಂದೂವರೆ ಲಕ್ಷ ಜಾಸ್ತಿ ಬಂತು, ಜೊತೆಗೆ ಬೇಸಿಗೆಯಲ್ಲಿ ಹತ್ತು ಹದಿನೈದು ಮಷಿನ್ ಜಾಸ್ತಿ ಮಾರಿದ್ರಿ ಅಂದ್ರೆ ಮಿತಿ ದಾಟ್ತೀರ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕ್ಬೇಕು. ಆಮೇಲೆ ಎಎಂಸಿಗೆ 18%. ₹3,200 ಇದ್ದದ್ದು ಗಿರಾಕಿಗೆ ₹3,776 ಆಗುತ್ತೆ. ಒಂದೇ ವರ್ಷದಲ್ಲಿ ಎರಡು ಸಲ ಏರಿಸಿದ ಹಾಗೆ ಅವರಿಗೆ ಕಾಣುತ್ತೆ.

₹50 ಲಕ್ಷದ ಒಳಗಿನ ಸೇವೆಯವರಿಗೆ 6% ಕಟ್ಟೋ ಕಾಂಪೋಸಿಶನ್ ದಾರಿ ಇದೆ. ಆದ್ರೆ ಆ 6%ನ ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡೋ ಹಾಗಿಲ್ಲ, ರೇಟಲ್ಲೇ ಅಡಗಿರ್ಬೇಕು. ₹3,200ರಲ್ಲಿ ₹192 ಹೋಗುತ್ತೆ. ಮನೆ ಗಿರಾಕಿಗಳೇ ಜಾಸ್ತಿ ಇರೋರಿಗೆ ಇದು ಸಾಮಾನ್ಯವಾಗಿ ಒಳ್ಳೇದು, ಅವರಿಗೆ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿನ ತಮ್ಮ ತೆರಿಗೆಯಲ್ಲಿ ಕಳ್ಕೊಳ್ಳೋದು) ಬೇಕಾಗಲ್ಲ. ಅದಕ್ಕೇ ಈಗ ರೇಟ್ ಇಡುವಾಗಲೇ ಆ 6% ಒಳಗೆ ಹಿಡಿಸುತ್ತಾ ನೋಡಿ.

ಮತ್ತೆ ಎಎಂಸಿ ದುಡ್ಡು ಮುಂಗಡ. ನೋಂದಣಿ ಆದ್ಮೇಲೆ ಸೇವೆಯ ಮುಂಗಡಕ್ಕೆ ದುಡ್ಡು ಬಂದ ದಿನವೇ ತೆರಿಗೆ ಲೆಕ್ಕ ಶುರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದು ಎಲ್ಲರಿಗೂ ಗೊತ್ತು. ಮನೆಯವರ ಹೆಸರಿನ ಫೋನ್‌ಗೆ ದುಡ್ಡು ಹಾಕಿಸ್ಕೊಂಡು ತಪ್ಪಿಸ್ಕೋತೀವಿ ಅನ್ನೋದು ಬೇಡ.

ವಿಜಯನಗರ ಇನ್ವರ್ಟರ್:
ಎರಡು ವರ್ಷದ್ದು ಒಟ್ಟಿಗೆ ಕೊಟ್ರೆ ಹಳೇ ರೇಟು ಅಂತ ಆಫರ್ ಕೊಟ್ರೆ? ಗಿರಾಕಿ ಖುಷಿ, ದುಡ್ಡೂ ಮುಂಚೆ ಬರುತ್ತೆ.

ಲೆಕ್ಕದ ಪುಸ್ತಕ:
ಬೇಡ. ನಷ್ಟದ ರೇಟನ್ನೇ ಇನ್ನೆರಡು ವರ್ಷ ಬೀಗ ಹಾಕಿದ ಹಾಗೆ. ಮೆಂಬ್ರೇನ್ ಬಹಳಷ್ಟು ಆಮದಿನದ್ದು, ಡಾಲರ್ ಏರಿದ್ರೆ ಅದೂ ಏರುತ್ತೆ. ಬಂದ ಮುಂಗಡ ಮೂರೇ ತಿಂಗಳಲ್ಲಿ ಖರ್ಚಾಗಿರುತ್ತೆ, ಎರಡನೇ ವರ್ಷದ ಪಾರ್ಟ್ಸ್‌ಗೆ ಕೈಯಿಂದ ಹಾಕ್ಬೇಕು.

ಸ್ಪ್ಯಾನರ್ 17:
ಇನ್ನೊಂದು ಕೆಟ್ಟ ಚಾಳಿ ಇದೆ, ಹೇಳ್ಲೇಬೇಕು. ಎಎಂಸಿ ರೇಟ್ ಹಾಗೇ ಇಟ್ಟು ಪಾರ್ಟ್ಸ್‌ನಲ್ಲಿ ಮಿಗಿಸೋದು. ಚೆನ್ನಾಗಿರೋ ಪಂಪ್ ಹೋಗಿದೆ ಅನ್ನೋದು, ಮೆಂಬ್ರೇನ್ ಬದಲು ಕಮ್ಮಿ ದರ್ಜೆದು ಹಾಕೋದು, ತಿಂಗಳು ತಳ್ಳಿ ತಳ್ಳಿ ಮೂರು ಸರ್ವಿಸನ್ನ ಎರಡು ಮಾಡೋದು. ಇದು ಮೋಸ. ಪಾರ್ಟ್ ಮೇಲೆ ಎಂಆರ್‌ಪಿ ಮುದ್ರಿಸಿದ್ರೆ ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳೋ ಹಾಗೂ ಇಲ್ಲ. ನೀರಿನ ವಿಷಯ, ಮನೆಯಲ್ಲಿ ಮಕ್ಕಳು ಕುಡಿಯೋದು. ರೇಟ್ ಬಾಯಿ ಬಿಟ್ಟು ಕೇಳಿ, ಕೆಲಸ ಪೂರ್ತಿ ಮಾಡಿ.

ಜಯನಗರ ಗ್ರಾಹಕಿ:
ಇದಕ್ಕೆ ನೂರು ಸಲ ಹೌದು. ಏರಿಕೆ ಹೇಳಿದ್ರೆ ಬೇಜಾರಾಗುತ್ತೆ, ಆದ್ರೆ ಒಪ್ಕೊಂಡು ಕೊಡ್ತೀವಿ. ಮುಚ್ಚಿಟ್ಟದ್ದು ಗೊತ್ತಾದ್ರೆ ಮುಗೀತು. 2024ರ ಜೂನ್‌ನಲ್ಲಿ ನಂದಿನಿ ಹಾಲಿಗೆ ₹2 ಏರಿಸಿ 50 ಎಂಎಲ್ ಜಾಸ್ತಿ ಕೊಟ್ರು. 2025ರ ಏಪ್ರಿಲ್‌ನಲ್ಲಿ ಆ 50 ಎಂಎಲ್ ತೆಗೆದು ಲೀಟರ್‌ಗೆ ₹4 ಏರಿಕೆ ಅಂದ್ರು. ನಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಈ ಲೆಕ್ಕ ಅರ್ಥ ಆಯ್ತೋ! ಬೆಲೆ ಒಂದು ಕಡೆ, ಅಳತೆ ಇನ್ನೊಂದು ಕಡೆ ಬದಲಿಸಿದ್ರೆ ಜನಕ್ಕೆ ಅನುಮಾನ ಬರುತ್ತೆ. ಒಂದನ್ನೇ ಬದಲಿಸಿ, ನೇರವಾಗಿ ಹೇಳಿ.

ಹುಬ್ಬಳ್ಳಿ ಮಂದಿ:
ಹುಡುಗನ ವಿಷಯ ಯಾರೂ ಮಾತಾಡವಲ್ಲರಿ. ರೇಟ್ ಏರಸೂದು ಮೊದಲು ಅವಗ ಹೇಳ್ರಿ. ಬಾಗಲದಾಗ ನಿಂತು "ಯಾಕಪ್ಪಾ ಜಾಸ್ತಿ ಆತು" ಅನ್ನೂದಕ್ಕ ಉತ್ತರ ಕೊಡಾವ ಅವ. ಗೊತ್ತಿಲ್ಲದಾವ "ನಮ್ಮ ಮಾಲಕರು ಮಾಡ್ಯಾರ, ನಂಗೇನ್ ಗೊತ್ತು" ಅಂದ್ರ ಅಲ್ಲಿಗೆ ಕೆಟ್ಟಿತು. ಇನ್ನೊಂದು, ಇದೇ ಹೊತ್ತಿನಾಗ ಹುಡುಗರು ಗಿರಾಕಿಗೆ ತಮ್ಮ ನಂಬರ್ ಕೊಟ್ಟು, ಐನೂರು ಕಮ್ಮಿಗೆ ನಾನ ಮಾಡ್ತೀನಿ ಅಂತಾರ. ಏರಿಸಿದ್ದರಾಗ ಮೊದಲ ಪಾಲು ಅವನ ಪಗಾರಕ್ಕ ಹೋಗಲಿ. ತಿಂಗಳಿಗೆ ₹1,500 ಏರಿಸಿದ್ರ ವರ್ಷಕ್ಕ ₹18,000. ಹೊಸ ಹುಡುಗನ್ನ ಹುಡುಕಿ, ಮನಿ ದಾರಿ, ಮಷಿನ್ ಕಲಸೂದಕ್ಕ ಅದಕ್ಕಿಂತ ಹೆಚ್ಚ ಹೋಗತೈತಿ.

ಲೆಕ್ಕದ ಪುಸ್ತಕ:
ಪೂರ್ತಿ ಒಪ್ತೀನಿ. ₹25,500 ಆದ್ರೆ ವಿಸಿಟ್ ಖರ್ಚು 270 ಅಲ್ಲ, ಸುಮಾರು ₹284. ಕಾವೇರಿ ಮನೆಗೆ ₹63 ಜಾಸ್ತಿ. ₹3,200ರಲ್ಲಿ ಹಿಡಿಸುತ್ತೆ.

ಕತ್ರಿಗುಪ್ಪೆ ವಾಟರ್:
ಹೇಳೋದು ಹೇಗೆ ಅನ್ನೋದೇ ಇನ್ನೂ ಕಷ್ಟ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಹಾಕಿದ್ರೆ ಸಾಕಾ?

ಅಪಾರ್ಟ್‌ಮೆಂಟ್ ಖಜಾಂಚಿ:
ಸಾಲಲ್ಲ. ಬ್ರಾಡ್‌ಕಾಸ್ಟ್ ಮೆಸೇಜು ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ತಲುಪುತ್ತೆ. ಎಷ್ಟೋ ಮನೆಯಲ್ಲಿ ನಿಮ್ಮ ಸ್ಟಿಕ್ಕರ್ ಮಷಿನ್ ಮೇಲಿರುತ್ತೆ, ಫೋನಲ್ಲಿ ನಂಬರ್ ಇರಲ್ಲ. ನೀವು ಎಲ್ಲರಿಗೂ ಹೇಳಿದೀನಿ ಅಂದ್ಕೋತೀರ, ಅರ್ಧ ಜನಕ್ಕೆ ರಿನ್ಯೂವಲ್ ದಿನವೇ ಗೊತ್ತಾಗುತ್ತೆ. ಜಗಳ ಹುಟ್ಟೋದು ಅಲ್ಲೇ.

ಬಿಲ್ ಬುಕ್:
ಎಲ್ಲರಿಗೂ ಒಂದೇ ದಿನ ಹೇಳೋ ಅಗತ್ಯನೂ ಇಲ್ಲ. 160 ಮನೆ ಅಂದ್ರೆ ತಿಂಗಳಿಗೆ 13-14 ರಿನ್ಯೂವಲ್ ಬರುತ್ತೆ. ಯಾರದ್ದು ಮುಗಿಯುತ್ತೋ ಅವರಿಗೆ 45 ದಿನ ಮುಂಚೆ ಬೇರೆ ಬೇರೆ ಮೆಸೇಜು, ಒಂದು ವಾರ ಬಿಟ್ಟು ಫೋನು. ಮೊದಲ ಎರಡು ತಿಂಗಳು ಏನಂತಾರೆ ಅಂತ ಬರೆದಿಟ್ಕೊಳ್ಳಿ, ಮೂರನೇ ತಿಂಗಳಿಗೆ ಮಾತು ತಿದ್ದಿ. ಅವಧಿ ಮಧ್ಯದಲ್ಲಿ ಮಾತ್ರ ಒಂದು ಪೈಸೆನೂ ಕೇಳಬೇಡಿ. ದುಡ್ಡು ತಗೊಂಡ ಮೇಲೆ ಆ ವರ್ಷ ಪೂರ್ತಿ ಸೇವೆ ಕೊಡೋದು ನಿಮ್ಮ ಕರಾರು, ತಪ್ಪಿದ್ರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಅಂತ ದೂರು ಕೊಡಬಹುದು. ಮೇ, ಜೂನ್‌ನಲ್ಲಿ ಮುಗಿಯೋ ಮನೆಗಳಿಗೆ ಇನ್ನೂ ಮುಂಚೆ ಹೇಳಿ, ಅದು ಸ್ಕೂಲ್ ಫೀಸಿನ ಕಾಲ.

ಲೆಕ್ಕದ ಪುಸ್ತಕ:
ಮೆಸೇಜ್ ಹೀಗಿದ್ರೆ ಸಾಕು, ತಿದ್ಕೊಳ್ಳಿ:

"ನಮಸ್ಕಾರ. ನಿಮ್ಮ ಪ್ಯೂರಿಫೈಯರ್ ಎಎಂಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್ 1ರಿಂದ ವರ್ಷದ ದರ ₹2,800ರ ಬದಲು ₹3,200. 2021ರ ನಂತರ ಇದು ಮೊದಲ ಏರಿಕೆ. 3 ಸರ್ವಿಸ್, ರಿಪೇರಿ ಭೇಟಿ, ಕ್ಯಾಂಡಲ್, ಫಿಲ್ಟರ್ ಸೆಟ್, ಅಗತ್ಯ ಬಿದ್ದರೆ ವರ್ಷಕ್ಕೆ ಒಂದು ಮೆಂಬ್ರೇನ್ ಇದರಲ್ಲಿ ಸೇರಿವೆ. ಪಾರ್ಟ್ಸ್ ಬೇಡ, ಸರ್ವಿಸ್ ಮಾತ್ರ ಸಾಕು ಎಂದರೆ ₹1,500. ಯಾವುದು ಬೇಕೆಂದು ಮಾರ್ಚ್ 20ರೊಳಗೆ ತಿಳಿಸಿ. ಅಲ್ಲಿಯವರೆಗೆ ಈಗಿನ ಎಎಂಸಿ ಹಾಗೆಯೇ ನಡೆಯುತ್ತದೆ."

ಕ್ಷಮೆ ಕೇಳಬೇಡಿ, ಪೆಟ್ರೋಲ್ ಏರಿದೆ, ಬಾಡಿಗೆ ಏರಿದೆ ಅಂತ ಪಟ್ಟಿ ಹಾಕಬೇಡಿ. ಪಟ್ಟಿ ಹಾಕಿದ್ರೆ ಅದರ ಒಂದೊಂದು ಸಾಲಿನ ಮೇಲೂ ವಾದ ಶುರುವಾಗುತ್ತೆ. ಫೋನಲ್ಲಿ ಕೇಳಿದ್ರೆ ಒಂದೇ ಮಾತು ಹೇಳಿ: ಆಟೋ ಮೀಟರ್ 2021ರ ಡಿಸೆಂಬರ್‌ನಲ್ಲಿ ₹30 ಇತ್ತು, 2025ರ ಆಗಸ್ಟ್‌ನಿಂದ ₹36. ಅದು 20%. ಅದೇ ಪ್ರಮಾಣದಲ್ಲಿ ಏರಿಸಿದ್ರೆ ₹3,360 ಆಗ್ತಿತ್ತು.

ಜಯನಗರ ಗ್ರಾಹಕಿ:
ಆ ₹1,500ದ್ದು ಒಳ್ಳೇ ಯೋಚನೆ. ಬೇಡ ಅನ್ನೋ ಬದಲು ಚಿಕ್ಕದು ತಗೋತೀವಿ.

ಸ್ಪ್ಯಾನರ್ 17:
ಹೌದು, ಆದ್ರೆ ಒಂದು ಎಚ್ಚರ. ಸರ್ವಿಸ್ ಮಾತ್ರ ತಗೊಂಡ ಮನೆಯವರು ಮೆಂಬ್ರೇನ್ ಬದಲಾಯಿಸೋದನ್ನ ಮುಂದೆ ತಳ್ತಾರೆ, ಆಮೇಲೆ ನೀರು ಉಪ್ಪು ಅಂತ ನಿಮ್ಮನ್ನೇ ಬೈತಾರೆ. ಕಾರ್ಡಲ್ಲಿ ರೀಡಿಂಗ್ ಬರೆದು "ಬದಲಾಯಿಸಲು ತಿಳಿಸಲಾಗಿದೆ" ಅಂತ ಸಹಿ ಹಾಕಿಸಿ. ಸಾಧ್ಯವಾದ್ರೆ ಕಾರ್ಡಿನ ಫೋಟೋ ಅಲ್ಲೇ ಕಳಿಸಿಬಿಡಿ.

ಕತ್ರಿಗುಪ್ಪೆ ವಾಟರ್:
ಎಲ್ಲರಿಗೂ ತುಂಬಾ ಧನ್ಯವಾದ. ಹೀಗೆ ಮಾಡ್ತೀನಿ: ಕಾವೇರಿ ಮನೆಗೆ ₹3,200. ಬೋರ್ ಮನೆಗೆ ಈ ವರ್ಷ ₹3,900, ಮುಂದಿನ ವರ್ಷ ₹4,800, ಎರಡೂ ಪತ್ರದಲ್ಲಿ ಬರೆದು, ವರ್ಷಕ್ಕೆ ಒಂದೇ ಮೆಂಬ್ರೇನ್. ಸರ್ವಿಸ್ ಮಾತ್ರ ₹1,500. ಹುಡುಗನಿಗೆ ₹1,500 ಏರಿಕೆ ಮುಂದಿನ ತಿಂಗಳಿಂದಲೇ. ಹೊಸಬರಿಗೂ ಇದೇ ರೇಟು, ₹3,500 ಅಂತ ಬೇರೆ ಹೇಳಲ್ಲ.

ಒಂದೇ ಡೌಟು. ಸಂಪಿನಲ್ಲಿ ಬೆರೆಸೋ ಮನೆ ಯಾವ ಗುಂಪಿಗೆ? ಮಳೆಗಾಲದಲ್ಲಿ 350, ಏಪ್ರಿಲ್‌ನಲ್ಲಿ 1,100 ತೋರ್ಸುತ್ತೆ.

ಲೆಕ್ಕದ ಪುಸ್ತಕ:
ಕಳೆದ ಮೂರು ವಿಸಿಟ್‌ನ ಸರಾಸರಿ ತಗೊಳ್ಳಿ. 500 ದಾಟಿದ್ರೆ ಬೋರ್ ರೇಟು.

ಸ್ಪ್ಯಾನರ್ 17:
ಸರಾಸರಿ ಸರಿ, ಆದ್ರೆ ಮೂರರಲ್ಲಿ ಒಂದಾದ್ರೂ ಮಾರ್ಚ್‌ನಿಂದ ಮೇ ಒಳಗಿನದ್ದಾಗಿರ್ಲಿ. ಮೂರೂ ಮಳೆಗಾಲದ್ದೇ ಇದ್ರೆ ಮೋಸ ಹೋಗ್ತೀರ. ಮೀಟರ್‌ನ ಬ್ಯಾಟರಿ ಕಮ್ಮಿ ಆದ್ರೂ ರೀಡಿಂಗ್ ತಪ್ಪು ತೋರಿಸುತ್ತೆ. ಅಳೆಯೋಕೆ ಮುಂಚೆ ಹುಡುಗನ ಮೀಟರನ್ನ ಗೊತ್ತಿರೋ ಒಂದು ನೀರಲ್ಲಿ ಅದ್ದಿ ನೋಡಿ.